ಅರ್ಧ ಗೆರೆಗಳ ಅಭಿಮನ್ಯು

ಟಿವಿಯಲ್ಲಿ ಬಂದ ತೆಂಕುತಿಟ್ಟಿನ ಯಕ್ಷಗಾನದ ಆಟವೊಂದನ್ನು ಗೆಳೆಯರೊಬ್ಬರು ಹದಿನೈದು ವರ್ಷಗಳ ಹಿಂದೆ ಮನೆಯ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದರು. ಪ್ರಸಂಗ ಅಭಿಮನ್ಯು ಕಾಳಗ. ಮೊನ್ನೆ ಆ ಫೈಲನ್ನು ಪೆನ್‌ಡ್ರೈವಿನಲ್ಲಿ ತಂದುಕೊಟ್ಟು, "ಧೀಂಗಿಣ ಬಂದಾಗ ಚಿತ್ರ ಹರಿದುಹೋಗ್ತದೆ ಮಾರಾಯ್ರೆ, ಆಗ ಕೇಬಲಿನ ಸಿಗ್ನಲ್ಲೇ ಸರಿ ಇರ್ಲಿಲ್ಲ" ಎಂದರು.

ಹಾಕಿ ನೋಡಿದೆ. ಅಭಿಮನ್ಯು ನಿಂತು ಅರ್ಥ ಹೇಳುವಾಗ ಚಿತ್ರ ಚೊಕ್ಕವಾಗಿತ್ತು. ಚೆಂಡೆಯ ಪೆಟ್ಟು ಏರಿ ಅವನು ಧೀಂಗಿಣ ಹಾಕುತ್ತ ಗಾಳಿಯಲ್ಲಿ ತಿರುಗತೊಡಗಿದ್ದೇ ತಡ, ಕಿರೀಟದ ಅಂಚಿನಲ್ಲಿ, ಚಾಚಿದ ತೋಳಿನ ಬದಿಯಲ್ಲಿ ಬಾಚಣಿಗೆಯ ಹಲ್ಲಿನಂಥ ಅಡ್ಡಗೆರೆಗಳು ಎದ್ದವು. ಸಿಗ್ನಲ್ ಕೆಟ್ಟಿದ್ದರೆ ನಿಂತಾಗಲೂ ಕೆಟ್ಟಿರಬೇಕಿತ್ತು. ಅಲುಗಿದಲ್ಲಿ ಮಾತ್ರ ಹಲ್ಲು ಮೂಡುತ್ತಿದೆ ಎಂದರೆ ರೆಕಾರ್ಡಿಂಗ್ ಕೆಟ್ಟಿಲ್ಲ. ಅದು ಇಡಿಯಾಗಿ ಉಳಿದಿದೆ ಎನ್ನುವುದಕ್ಕೆ ಆ ಹಲ್ಲುಗಳೇ ಸಾಕ್ಷಿ.

ನಮ್ಮ ಅನಲಾಗ್ ಟಿವಿಯದು ಪಾಲ್ ಪದ್ಧತಿ. ಒಟ್ಟು 625 ಗೆರೆ, ಕಣ್ಣಿಗೆ ಬೀಳುವ ಚಿತ್ರಕ್ಕೆ 576. ಸೆಕೆಂಡಿಗೆ 25 ಚಿತ್ರಗಳು ಎನ್ನುತ್ತೇವೆ, ಆದರೆ ಒಂದೊಂದು ಚಿತ್ರವೂ ಎರಡು ಕಂತಿನಲ್ಲಿ ಬರುತ್ತದೆ: ಒಂದು ಕಂತಿನಲ್ಲಿ ಬೆಸ ಗೆರೆಗಳು, ಇನ್ನೊಂದರಲ್ಲಿ ಸಮ ಗೆರೆಗಳು. ಕಂತಿಗೂ ಕಂತಿಗೂ ಸೆಕೆಂಡಿನ ಐವತ್ತನೇ ಒಂದು ಭಾಗದ ಅಂತರ. ಆ ಹೊತ್ತಿನಲ್ಲಿ ಧೀಂಗಿಣ ಹಾಕುವವನ ಕೈ ಒಂದಿಷ್ಟು ದೂರ ಸರಿದಿರುತ್ತದೆ. ಹಳೆಯ ಪಿಕ್ಚರ್ ಟ್ಯೂಬು ಈ ಕಂತುಗಳನ್ನು ಬಂದ ಸರದಿಯಲ್ಲೇ ತೋರಿಸುತ್ತಿತ್ತು. ಕಂಪ್ಯೂಟರಿನ ಪರದೆ ಎರಡನ್ನೂ ಒಟ್ಟಿಗೆ ಹೆಣೆದು ತೋರಿಸಿದಾಗ ಕೈ ಎರಡು ಜಾಗದಲ್ಲಿ ಕಂಡು ಹಲ್ಲು ಮೂಡುತ್ತದೆ. ಸಿನಿಮಾ ರೆಕಾರ್ಡ್ ಮಾಡಿದಾಗ ಸಾಮಾನ್ಯವಾಗಿ ಈ ತೊಂದರೆ ಕಾಣುವುದಿಲ್ಲ, ಏಕೆಂದರೆ ಫಿಲ್ಮಿನ ಒಂದೇ ಚಿತ್ರದಿಂದ ಎರಡೂ ಕಂತುಗಳು ಹುಟ್ಟಿರುತ್ತವೆ. ಕಂಪ್ಯೂಟರಿನಲ್ಲಿ ಟಿವಿ ಹಿಡಿಯುವ ಟ್ಯೂನರ್ ಕಾರ್ಡು ಸಿನಿಮಾವನ್ನು ಚೆನ್ನಾಗಿ ಹಿಡಿದು ಯಕ್ಷಗಾನವನ್ನು ಕೆಡಿಸಿತೆಂದು ಎಷ್ಟೋ ಜನ ಕಾರ್ಡನ್ನೇ ಬದಲಾಯಿಸಿದ್ದುಂಟು.

ನನ್ನ ತಕರಾರು ಇರುವುದು ಮುಂದಿನ ಹೆಜ್ಜೆಯ ಬಗ್ಗೆ. ಹಲ್ಲು ಕಂಡ ಕೂಡಲೇ ನಾವು ಚಿತ್ರವನ್ನು 'ಕ್ಲೀನ್' ಮಾಡಲು ಹೊರಡುತ್ತೇವೆ. ಇದೇ ಗೆಳೆಯರು ಇನ್ನೊಂದು ಆಟದ ಫೈಲನ್ನು ಪೇಟೆಯ ಸ್ಟುಡಿಯೋ ಒಂದರಲ್ಲಿ ದುಡ್ಡು ಕೊಟ್ಟು ಹೀಗೆ ಮಾಡಿಸಿದ್ದರು. ಅಲ್ಲಿ ಮಾಡಿದ್ದು ಇಷ್ಟೇ: 720×576 ಇದ್ದದ್ದನ್ನು 352×288ಕ್ಕೆ ಇಳಿಸಿ, ಒಂದು ಕಂತನ್ನು ಪೂರ್ತಿ ಎಸೆದುಬಿಟ್ಟರು. ಹಲ್ಲು ಹೋಯಿತು, ಅದರ ಜೊತೆಗೆ ಅರ್ಧ ಗೆರೆಗಳೂ ಹೋದವು, ಸೆಕೆಂಡಿಗೆ 50 ಇದ್ದ ಚಲನೆ 25ಕ್ಕೆ ಇಳಿಯಿತು. ಸುತ್ತು ಹಾಕುವ ಪುಂಡುವೇಷ ಈಗ ತಡೆತಡೆದು ತಿರುಗುತ್ತದೆ. ಮಸುಕಾದ ಮುಖವರ್ಣಿಕೆಯನ್ನು ಮುಚ್ಚಲು ಮೇಲೊಂದು ಶಾರ್ಪನ್ ಫಿಲ್ಟರ್ ಎಳೆದಿದ್ದಾರೆ, ಕಣ್ಣಿನ ಕಾಡಿಗೆಯ ಸುತ್ತ ಬಿಳಿ ಅಂಚು ಕಟ್ಟಿಕೊಂಡಿದೆ. ಮೂಲ ಫೈಲನ್ನು ಜಾಗ ಉಳಿಸಲೆಂದು ಅಳಿಸಿಯೂ ಆಗಿತ್ತು. ಇನ್ನು ಕೆಲವರು ಎರಡು ಕಂತುಗಳನ್ನು ಬೆರೆಸಿ ಹದಮಾಡುತ್ತಾರೆ. ಆಗ ಹಲ್ಲಿನ ಬದಲು ನೆರಳು ಕಾಣುತ್ತದೆ, ಒಬ್ಬ ಅಭಿಮನ್ಯುವಿನ ಹಿಂದೆ ಇನ್ನೊಬ್ಬ ಅಭಿಮನ್ಯು.

ಗೆಳೆಯರ ಮೊದಲ ಫೈಲಿಗೆ ಬೇಕಾಗಿದ್ದದ್ದು ವಿಎಲ್‌ಸಿ ಪ್ಲೇಯರಿನಲ್ಲಿ ಕಂತುಗಳನ್ನು ಬಿಡಿಸುವ ಡಿಇಂಟರ್‌ಲೇಸ್ ಆನ್ ಮಾಡಿ, ಯಾಡಿಫ್ 2ಎಕ್ಸ್ ಆರಿಸುವುದು ಮಾತ್ರ. ಅದು ಒಂದೊಂದು ಕಂತನ್ನೂ ಪೂರ್ಣ ಚಿತ್ರವಾಗಿ ತುಂಬಿಸಿ ಸೆಕೆಂಡಿಗೆ 50 ತೋರಿಸುತ್ತದೆ. ಮುಟ್ಟಿದ್ದು ನೋಡುವ ವಿಧಾನವನ್ನು, ಫೈಲನ್ನಲ್ಲ. ಯೂಟ್ಯೂಬಿಗೆ ಏರಿಸುವವರಿಗೆ ಒಂದು ಮಾತು: ಅಲ್ಲಿ ಸೆಕೆಂಡಿಗೆ 50ರ ಚಲನೆ ಉಳಿಯುವುದು 720ಪಿ ಮತ್ತು ಅದಕ್ಕಿಂತ ದೊಡ್ಡ ಅಳತೆಯಲ್ಲಿ ಮಾತ್ರ. ಹಾಗಾಗಿ ಪ್ರತಿಯನ್ನು 720ಕ್ಕೆ ಹಿಗ್ಗಿಸಿಯೇ ಏರಿಸಬೇಕು. ಹಿಗ್ಗಿಸುವಾಗ 4:3ರ ಚೌಕಟ್ಟನ್ನು ಅಗಲ ಪರದೆಗೆ ಎಳೆದು ವೇಷಧಾರಿಯನ್ನು ಡೊಳ್ಳಾಗಿಸಬಾರದು. ಎಡಬಲದಲ್ಲಿ ಕಪ್ಪು ಪಟ್ಟಿ ಉಳಿದರೆ ಉಳಿಯಲಿ.

ನಿಜವಾಗಿ ಕೆಡುವ ಸಂಗತಿಗಳು ಬೇರೆ ಇವೆ, ಅವು ರೆಕಾರ್ಡ್ ಮಾಡುವ ಹೊತ್ತಿನಲ್ಲೇ ಕೆಡುತ್ತವೆ. ಭಾಗವತರ ಬಿಳಿ ಅಂಗಿಯನ್ನು ನೋಡಿ. ಅದರ ನೆರಿಗೆಗಳು ಕಾಣದೆ ಬರೀ ಬೆಳಕಿನ ತುಂಡಿನಂತಿದ್ದರೆ ಕಾರ್ಡಿನ ಬ್ರೈಟ್‌ನೆಸ್, ಕಾಂಟ್ರಾಸ್ಟ್ ಹೆಚ್ಚಾಗಿವೆ. ಹಾಗೆ ಸುಟ್ಟ ಬಿಳಿಯನ್ನು ಆಮೇಲೆ ಯಾವ ಸಾಫ್ಟ್‌ವೇರೂ ಮರಳಿ ತರಲಾರದು. ಕೆಂಪು ದಗಲೆಯ ಅಂಚಿನಲ್ಲಿ ಸಣ್ಣ ಚುಕ್ಕಿಗಳು ತೆವಳುತ್ತಿದ್ದರೆ ಅದು ಹಳದಿ ಪಿನ್ನಿನ ಕಾಂಪೋಸಿಟ್ ಕೇಬಲ್ಲಿನ ಗುಣ, ಬಣ್ಣವೂ ಬೆಳಕೂ ಒಂದೇ ತಂತಿಯಲ್ಲಿ ಬರುವುದರ ಫಲ. ಎರಡೂ ಕಡೆ ಎಸ್-ವಿಡಿಯೋ ಇದ್ದರೆ ಅದನ್ನೇ ಬಳಸಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಗುವುದು ಹೆಜ್ಜೆಗೆ ಚೆಂಡೆ ತಪ್ಪಿದಾಗ. ಸಂಕುಚಿಸದೆ ಹಿಡಿದ ಚಿತ್ರ ಸೆಕೆಂಡಿಗೆ ಸುಮಾರು 20 ಎಂಬಿ ಬರೆಯುತ್ತದೆ. ಹಾರ್ಡ್ ಡಿಸ್ಕು ಅಷ್ಟು ವೇಗಕ್ಕೆ ಸಾಲದಿದ್ದರೆ, ಅದೇ ಹೊತ್ತಿಗೆ ಆಂಟಿವೈರಸ್ ಎದ್ದು ಕೂತರೆ, ಚಿತ್ರಗಳು ಬಿಟ್ಟುಹೋಗುತ್ತವೆ. ಮೇಲಾಗಿ ಸೌಂಡ್ ಕಾರ್ಡಿನ ಗಡಿಯಾರ ಬೇರೆ, ಟ್ಯೂನರ್ ಕಾರ್ಡಿನದು ಬೇರೆ. ಎರಡೂ ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಓಡಿದರೂ ಗಂಟೆ ಎರಡು ಗಂಟೆಯಾಗುವಷ್ಟರಲ್ಲಿ ಹೆಜ್ಜೆ ಮುಂದೆ, ಚೆಂಡೆಯ ಪೆಟ್ಟು ಹಿಂದೆ. ಧಾರಾವಾಹಿಯಲ್ಲಿ ಇದನ್ನು ಸಹಿಸಬಹುದು, ಆಟದಲ್ಲಿ ಆಗದು. ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಬಿಟ್ಟುಹೋದ ಫ್ರೇಮುಗಳ ಎಣಿಕೆ ಕಾಣುತ್ತಿರುತ್ತದೆ. ಅದರ ಮೇಲೆ ಕಣ್ಣಿಡದೆ ರಾತ್ರಿಯಿಡೀ ಓಡಲು ಬಿಟ್ಟು ಮಲಗುವುದು ನಮ್ಮಲ್ಲಿ ಬೇರೂರಿದ ಕೆಟ್ಟ ರೂಢಿ.

ಈಗ ಕಾಲ ಬದಲಾಗಿದೆ. ಬೆಂಗಳೂರು, ಮೈಸೂರುಗಳಲ್ಲಿ 2013ರಲ್ಲೇ ಕೇಬಲ್ ಡಿಜಿಟಲ್ ಆಯಿತು, ಮಿಕ್ಕ ಊರುಗಳು ಹಿಂಬಾಲಿಸಿದವು. ಡಿಡಿ ಫ್ರೀ ಡಿಶ್‌ನಲ್ಲಿ ಬರುವ ಚಂದನ ವಾಹಿನಿಯನ್ನು ಉಪಗ್ರಹ ಪ್ರಸಾರ ಹಿಡಿಯುವ ಕಾರ್ಡ್ ಇರುವ ಕಂಪ್ಯೂಟರಿನಲ್ಲಿ, ಬಂದ ಸ್ಟ್ರೀಮನ್ನು ಬಂದಂತೆಯೇ ಉಳಿಸಿಕೊಳ್ಳಬಹುದು. ಅಲ್ಲಿ ಧೀಂಗಿಣದ ಹೊತ್ತಿಗೆ ಚಿತ್ರ ಚೌಕಚೌಕವಾಗಿ ಒಡೆದರೆ ಆ ತಪ್ಪು ಪ್ರಸಾರದ ಕಡೆಯದು ಅಥವಾ ನಿಮ್ಮ ಡಿಶ್ಶಿನದು, ರೆಕಾರ್ಡಿಂಗಿನದಲ್ಲ. ಸೆಟ್‌ಟಾಪ್ ಬಾಕ್ಸಿನ ಹಳದಿ ಪಿನ್ನಿನಿಂದ ತೆಗೆದು ಮತ್ತೆ ಸಂಕುಚಿಸುವುದಕ್ಕಿಂತ ಇದು ಎಷ್ಟೋ ಪಾಲು ಮೇಲು.

ಮನೆಯಲ್ಲಿ ಕೂತು ರೆಕಾರ್ಡ್ ಮಾಡಿದವರ ಬಗ್ಗೆ ನನಗೆ ಗೌರವವಿದೆ. ಅವರು ಉಳಿಸಿದ ಎಷ್ಟೋ ವೇಷಗಳನ್ನು ಈಗ ರಂಗದ ಮೇಲೆ ನೋಡಲಾಗದು. ಅದಕ್ಕೇ ಈ ವಿನಂತಿ: ನಿಮ್ಮ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಹಲ್ಲುಹಲ್ಲಾಗಿ ಕಾಣುವ ಫೈಲು ಇದ್ದರೆ, ಏನೇ ತಿದ್ದುವುದಿದ್ದರೂ ಪ್ರತಿಯಲ್ಲಿ ತಿದ್ದಿ. ಮೂಲವನ್ನು ದಯವಿಟ್ಟು ಅಳಿಸಬೇಡಿ.