ಹೊಕ್ಕುಳಬಳ್ಳಿಯ ರಕ್ತ ಮೊದಲು ಮಗುವಿಗೆ ಸಲ್ಲಲಿ

ರಾಯಚೂರು ಸೀಮೆಯಲ್ಲಿ ಚೊಚ್ಚಲ ಹೆರಿಗೆಯ ಖರ್ಚು ಬಹುಪಾಲು ತವರಿನವರದು. ಕುಬಸ ಮುಗಿಸಿ ಮಗಳನ್ನು ಮನೆಗೆ ಕರೆತಂದವರು ಸ್ಕ್ಯಾನಿಂಗು, ಔಷಧಿ, ಬಾಣಂತನ ಎಂದು ದುಡ್ಡು ಹೊಂದಿಸುತ್ತಿರುವಾಗಲೇ ಫೋನಿಗೆ ಇನ್ನೊಂದು ಜಾಹೀರಾತು ಬರುತ್ತದೆ: ಹೊಕ್ಕುಳಬಳ್ಳಿಯ ರಕ್ತದಲ್ಲಿರುವ ಕಾಂಡಕೋಶಗಳನ್ನು ಖಾಸಗಿ ಬ್ಯಾಂಕಿನಲ್ಲಿ ಕಾದಿಡಿ, ಇದು ಮಗುವಿಗೆ ಜೀವನಪೂರ್ತಿ ವಿಮೆ. ಶುಲ್ಕ ಐವತ್ತು ಸಾವಿರ ದಾಟಿದರೂ ಕಂತಿನ ಸೌಲಭ್ಯವಿದೆ. ಹೆತ್ತವರ ಪ್ರೀತಿಯನ್ನೂ ಭಯವನ್ನೂ ಒಟ್ಟಿಗೇ ಮುಟ್ಟುವ ಈ ಮಾತನ್ನು ಒರೆಗೆ ಹಚ್ಚಲೇಬೇಕು.

ಈ ರಕ್ತದ ಶಕ್ತಿ ಸುಳ್ಳಲ್ಲ. 1988ರಲ್ಲಿ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಎಲಿಯಾನ್ ಗ್ಲುಕ್‌ಮನ್ ಅವರ ತಂಡ ಫ್ಯಾಂಕೋನಿ ಅನೀಮಿಯಾ ಇದ್ದ ಬಾಲಕನೊಬ್ಬನನ್ನು ಇದರಿಂದಲೇ ಉಳಿಸಿತು. ಅಲ್ಲಿಂದೀಚೆಗೆ ಲೋಕದಾದ್ಯಂತ ಸಾವಿರಾರು ರೋಗಿಗಳಿಗೆ ಇಂಥ ಕಸಿ ನಡೆದಿದೆ. ಆದರೆ ಆ ಬಾಲಕನಿಗೆ ಕೊಟ್ಟದ್ದು ಅವನ ತಂಗಿ ಹುಟ್ಟಿದಾಗ ತೆಗೆದಿಟ್ಟ ರಕ್ತ. ಜಾಹೀರಾತುಗಳು ಮರೆಸುವುದು ಇದನ್ನೇ. ಎಂಬತ್ತು ಕಾಯಿಲೆಗಳ ಪಟ್ಟಿ ಕೊಡುತ್ತಾರೆ. ಅವುಗಳಲ್ಲಿ ಬಹುತೇಕಕ್ಕೆ ಬೇಕಾಗುವುದು ಬೇರೆಯವರ ಕೋಶ. ಥಲಸೇಮಿಯಾ ಹೊತ್ತು ಹುಟ್ಟಿದ ಮಗುವಿನ ಬಳ್ಳಿಯ ರಕ್ತದಲ್ಲೂ ಅದೇ ದೋಷ ಇರುತ್ತದೆ. ರಕ್ತದ ಕ್ಯಾನ್ಸರಿನ ಬೀಜ ಕೆಲವು ಮಕ್ಕಳಲ್ಲಿ ಹುಟ್ಟುವಾಗಲೇ ಇರಬಹುದಾದ್ದರಿಂದ ಅಲ್ಲಿಯೂ ಸ್ವಂತ ಕೋಶವನ್ನು ನೆಚ್ಚುವಂತಿಲ್ಲ. ಪ್ರಮಾಣದ ತೊಡಕೂ ಇದೆ. ಕಸಿಗೆ ರೋಗಿಯ ತೂಕದ ಪ್ರತಿ ಕಿಲೋಗೆ ಸುಮಾರು ಎರಡೂವರೆ ಕೋಟಿ ಕೋಶ ಬೇಕು. ಪುಟ್ಟ ಮಗುವಿಗೆ ಸಾಲುವ ಒಂದು ಚೀಲ, ಬೆಳೆದ ಆಳಿಗೆ ಅನೇಕ ಸಲ ಸಾಲದು.

ಹೀಗಾಗಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರ ಮಾರ್ಗಸೂಚಿಯಲ್ಲಿ, ಮುಂದೆ ಸ್ವಂತಕ್ಕೆ ಬೇಕಾದೀತೆಂದು ಕಾದಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದಿತು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2018ರಲ್ಲಿ ‘ಜೈವಿಕ ವಿಮೆ’ಯ ವಾದವನ್ನು ಒಪ್ಪಲಿಲ್ಲ. ಚೆನ್ನೈನ ಲೈಫ್‌ಸೆಲ್ 2017ರಲ್ಲಿ ‘ಸಮುದಾಯ ಬ್ಯಾಂಕಿಂಗ್’ ತಂದು, ಸದಸ್ಯರ ರಕ್ತವನ್ನು ಸದಸ್ಯರೆಲ್ಲ ಹಂಚಿಕೊಳ್ಳುವ ಏರ್ಪಾಡು ಮಾಡಿತು. ಸ್ವಂತಕ್ಕಷ್ಟೇ ಕಾದಿಡುವುದಕ್ಕಿಂತ ಇದು ಮೇಲು. ಆದರೂ ಆ ಸಮುದಾಯದೊಳಗೆ ಜಾಗ ಸಿಗುವುದು ದುಡ್ಡು ಕಟ್ಟಿದವರಿಗೆ. ಮೇಲಾಗಿ, ಕಾದಿಟ್ಟದ್ದು ಕೆಡದೆ ಉಳಿಯುತ್ತದೆಂಬ ಖಾತ್ರಿಯೂ ಇಲ್ಲ. ಸಿಂಗಪುರದ ಕಾರ್ಡ್‌ಲೈಫ್ ಸಂಸ್ಥೆಯ ತೊಟ್ಟಿಯೊಂದರಲ್ಲಿ ತಾಪಮಾನ ಏರಿ ಸುಮಾರು 2,200 ರಕ್ತ ಘಟಕಗಳು ಹಾಳಾದದ್ದು 2023ರ ನವೆಂಬರಿನಲ್ಲಿ ಬಯಲಾಯಿತು.

ನನ್ನ ಮುಖ್ಯ ತಕರಾರು ಇದಕ್ಕಿಂತ ಹತ್ತಿರದ್ದು, ಹೆರಿಗೆ ಕೋಣೆಯದು. ಮಗು ಹೊರಬಂದ ಮೇಲೂ ಬಳ್ಳಿ ಮಿಡಿಯುತ್ತಿರುತ್ತದೆ. ದಪ್ಪಗೆ, ನೀಲಿಯಾಗಿ ತಿರುಚಿಕೊಂಡಿದ್ದದ್ದು ಕೆಲವೇ ನಿಮಿಷಗಳಲ್ಲಿ ಬೆಳ್ಳಗಾಗಿ ಸೊರಗುತ್ತದೆ. ಅಷ್ಟರಲ್ಲಿ ಮಾಸಿನಲ್ಲಿದ್ದ ರಕ್ತ ಕೂಸಿನ ಮೈಗೆ ಇಳಿದಿರುತ್ತದೆ: ಮೊದಲ ನಿಮಿಷಕ್ಕೆ ಸುಮಾರು 80 ಮಿಲಿ ಲೀಟರ್, ಮೂರನೆಯ ನಿಮಿಷದ ಹೊತ್ತಿಗೆ ಸುಮಾರು 100. ಅದರ ಜೊತೆ ತಿಂಗಳುಗಟ್ಟಲೆ ಸಾಲುವ ಕಬ್ಬಿಣಾಂಶವೂ ಬರುತ್ತದೆ. ಕನಿಷ್ಠ ಒಂದು ನಿಮಿಷ ಬಳ್ಳಿ ಕತ್ತರಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕಾಗಿ. ಬ್ಯಾಂಕಿನ ಚೀಲ ತುಂಬಬೇಕಾದದ್ದೂ ಇದೇ ರಕ್ತದಿಂದ. ಮಗುವಿಗೆ ಹೆಚ್ಚು ಹೋದಷ್ಟೂ ಚೀಲಕ್ಕೆ ಕಡಿಮೆ. ಚೀಲ ತುಂಬಲಿ ಎಂದು ಅವಸರದಲ್ಲಿ ಬಳ್ಳಿ ಬಿಗಿದರೆ ನಷ್ಟ ಕೂಸಿನದು.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ. ದೇವದುರ್ಗದಿಂದ ಗುಳೆ ಹೋಗಿ, ಬಸುರಿಯಾಗಿ ಊರಿಗೆ ಮರಳಿದವಳ ಮೈಯಲ್ಲೇ ರಕ್ತ ಕಡಿಮೆ. ಮಾನ್ವಿಯ ಗದ್ದೆಯಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡುವವಳ ಪಾಡೂ ಬೇರೆಯಲ್ಲ. ಅಂಥ ತಾಯಿಯ ಮಗುವಿಗೆ ಆ ಒಂದೆರಡು ನಿಮಿಷದ ರಕ್ತವೇ ಖರ್ಚಿಲ್ಲದ ಔಷಧಿ, ಅದೂ ಇವತ್ತೇ ಬೇಕಾದದ್ದು.

ಕಾದಿಡಲೇಬೇಕಾದ ಸಂದರ್ಭವೂ ಉಂಟು. ಮನೆಯಲ್ಲಿ ಆಗಲೇ ಥಲಸೇಮಿಯಾ ಅಥವಾ ಕುಡಗೋಲು ಕಣ ರೋಗದ ಮಗುವಿದ್ದರೆ, ಹುಟ್ಟಲಿರುವ ತಮ್ಮನ ಅಥವಾ ತಂಗಿಯ ಬಳ್ಳಿಯ ರಕ್ತ ಹೊಂದಿಕೆಯಾಗಬಹುದು. ತಜ್ಞರ ಸಲಹೆಯ ಮೇಲೆ ಅದನ್ನು ತೆಗೆದಿಡುವುದು ಸರಿ. ವೈದ್ಯಕೀಯ ಸಂಶೋಧನಾ ಮಂಡಳಿಯೂ ಇದನ್ನು ಒಪ್ಪುತ್ತದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಕಡೆ ಇಂಥ ವಂಶಪಾರಂಪರ್ಯ ಕಾಯಿಲೆಗಳ ಸಾಧ್ಯತೆ ಹೆಚ್ಚು. ಹಾಗಾಗಿ ಬ್ಯಾಂಕಿಗೆ ಕಟ್ಟುವ ಹಣದ ಚಿಕ್ಕ ಪಾಲಿನಲ್ಲಿ ಗಂಡ-ಹೆಂಡತಿ ಬಸುರಿನ ಮೊದಲ ತಿಂಗಳುಗಳಲ್ಲೇ ಹಿಮೋಗ್ಲೋಬಿನ್ ದೋಷದ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಜಾಣತನ. ಮುಂದೆ ಕಸಿ ಬೇಕೇ ಆದರೂ ದಾರಿ ಮುಚ್ಚುವುದಿಲ್ಲ: ಒಡಹುಟ್ಟಿದವರ ಅಸ್ಥಿಮಜ್ಜೆ ಇದೆ, ಅರ್ಧ ಹೊಂದುವ ತಂದೆ ಅಥವಾ ತಾಯಿಯ ಕೋಶ ಬಳಸುವ ವಿಧಾನ ಬಂದಿದೆ, ಬೆಂಗಳೂರಿನ ಡಿಕೆಎಂಎಸ್‌ನಂಥ ದಾನಿಗಳ ನೋಂದಣಿ ಸಂಸ್ಥೆಗಳಿವೆ.

ಮನೆಯಲ್ಲಿ ಅಂಥ ಕಾಯಿಲೆ ಇಲ್ಲದವರು ಈ ಒಪ್ಪಂದಕ್ಕೆ ಸಹಿ ಹಾಕಬೇಕಿಲ್ಲ. ಸಾಲ ಮಾಡಿಯಂತೂ ಬೇಡವೇ ಬೇಡ. ಸಹಿ ಹಾಕದ್ದಕ್ಕೆ ಮಗುವಿಗೆ ಏನೋ ಕಡಿಮೆ ಮಾಡಿದೆವೆಂದು ಯಾವ ತಾಯಿಯೂ ಕೊರಗಬಾರದು. ಸಹಿ ಹಾಕುವವರು, ಬಳ್ಳಿಯನ್ನು ಎಷ್ಟು ಹೊತ್ತಿಗೆ ಕತ್ತರಿಸುತ್ತೀರಿ ಎಂದು ವೈದ್ಯರನ್ನು ಮೊದಲೇ ಕೇಳಲಿ. ಆರೋಗ್ಯ ಇಲಾಖೆ ರಾಯಚೂರಿನ ರಿಮ್ಸ್ ಆಸ್ಪತ್ರೆಯಿಂದ ಹಿಡಿದು ದೇವದುರ್ಗ, ಮಾನ್ವಿಯ ತಾಲ್ಲೂಕು ಆಸ್ಪತ್ರೆಗಳವರೆಗೆ ಪ್ರತಿ ಹೆರಿಗೆಯಲ್ಲೂ ಬಳ್ಳಿ ಕತ್ತರಿಸಿದ ಸಮಯವನ್ನು ಕೇಸ್ ಶೀಟಿನಲ್ಲಿ ಬರೆಯುವುದನ್ನು ಕಡ್ಡಾಯ ಮಾಡಲಿ. ಅದರ ಲಾಭ ಬಡವ-ಬಲ್ಲಿದ ಎನ್ನದೆ ಈ ಜಿಲ್ಲೆಯ ಎಲ್ಲ ಕೂಸುಗಳಿಗೂ ಸಿಗುತ್ತದೆ.