ನಾಗಿ ಮಾಡಿದ ಕೆಲಸ, ದೇವರಿಗೆ ಹೋದ ಹೆಸರು

ಗಿರೀಶ ಕಾಸರವಳ್ಳಿಯವರ ‘ದ್ವೀಪ’ ಸಿನಿಮಾ ಬಂದದ್ದು 2002ರಲ್ಲಿ. ನಾನು ನೋಡಿದ್ದು ಬಹಳ ತಡವಾಗಿ, ಮಗಳ ಫೋನಿನಲ್ಲಿ. ಮೊದಲ ಸಲ ಆ ಮಲೆನಾಡಿನ ಕನ್ನಡವೇ ಕಿವಿಗೆ ಹತ್ತಲಿಲ್ಲ. ನಮ್ಮ ತುಡಿಯಲೂರು ಕಡೆ ಮಾತಿಗೂ ಅದಕ್ಕೂ ಅಷ್ಟು ದೂರ. ಎರಡನೇ ಸಲ ಕಥೆ ಹಿಡಿಯಿತು. ಮೂರನೇ ಸಲ ಕೂತದ್ದು ಜಗಳ ತೆಗೆಯೋಣ ಅಂತಲೇ.

ನೋಡದವರಿಗೆ ಎರಡು ಮಾತು. ಅಣೆಕಟ್ಟಿನ ನೀರು ಏರುತ್ತಿದೆ, ಸೀತಾಪರ್ವತದ ಜನ ಪರಿಹಾರ ತೆಗೆದುಕೊಂಡು ಊರು ಬಿಡುತ್ತಾರೆ. ದುಗ್ಗಜ್ಜ, ಅವನ ಮಗ ಗಣಪ, ಸೊಸೆ ನಾಗಿ ಮಾತ್ರ ಉಳಿಯುತ್ತಾರೆ. ಅವರದು ಪೂಜೆಯ ಮನೆ. ಭಕ್ತರು ಕೊಟ್ಟದ್ದರಲ್ಲಿ ಬದುಕು. ಪರಿಹಾರದ ಲೆಕ್ಕ ಬರೆಯುವವರಿಗೆ ಜಮೀನು ಕಾಣುತ್ತದೆ, ಇದು ಕಾಣುವುದಿಲ್ಲ. ಕೊನೆಗೆ ಮಳೆ ಹಿಡಿಯುತ್ತದೆ. ನಾಗಿ ಒಬ್ಬಳೇ ಹೋರಾಡಿ ಮನೆ ಉಳಿಸುತ್ತಾಳೆ. ಮಳೆ ನಿಂತ ಮೇಲೆ ಗಣಪ, ಎಲ್ಲಾ ದೇವರ ದಯೆ ಅಂತಾನೆ. ನಾಗಿಯಾಗಿ ನಟಿಸಿ, ಸಿನಿಮಾಕ್ಕೆ ಹಣ ಹಾಕಿದವರೂ ಸೌಂದರ್ಯ ಅವರೇ. ಸ್ವರ್ಣಕಮಲ ಬಂತು. ಮೂಲ ಕಾದಂಬರಿ ನಾ. ಡಿಸೋಜ ಅವರದು, ಶರಾವತಿಯ ಮುಳುಗಡೆಯನ್ನು ಹತ್ತಿರದಿಂದ ಕಂಡವರು.

ನನ್ನ ಜಗಳ ಇದು: ನೀರು ಬಂದಾಗ ಯಾವ ಊರಲ್ಲಾದರೂ ಒಂಟಿ ಹೆಂಗಸು ಮನೆ ಉಳಿಸುತ್ತಾಳೆಯೇ? ನಾನು ಕಂಡದ್ದು ಹಾಗಲ್ಲ.

ಕುರುಡಿಮಲೆ ಕಡೆ ಜೋರು ಮಳೆಯಾದರೆ ನೀರು ನಮ್ಮ ಪಳ್ಳಗಳಲ್ಲಿ ಇಳಿಯುತ್ತೆ. ಸಂಗನೂರು ಪಳ್ಳದ್ದು ಸಿಂಗಾನಲ್ಲೂರು ಕೆರೆಗೆ ಹೋಗಿ ಸೇರಬೇಕು. ದಾರಿಯಲ್ಲಿ ಅದರ ಹೊಟ್ಟೆಯೊಳಗೇ ಮನೆ, ಗೋಡೆ. ನಾನು ಚಿಕ್ಕವನಿದ್ದಾಗ ಒಂದು ಐಪ್ಪಸಿ ರಾತ್ರಿ, ನಮ್ಮ ತಗ್ಗಿನ ಬೀದಿಗೆ ಪಳ್ಳದ ನೀರು ನುಗ್ಗಿತು. ಅಮ್ಮ ಅಕ್ಕಿ ಮೂಟೆ ಅಟ್ಟಕ್ಕೇರಿಸಿದಳು, ಹೊಸಿಲಿಗೆ ಮಣ್ಣಿನ ಚೀಲ ಒತ್ತಿದಳು. ಆಮೇಲೆ ಹೊರಗೆ ಹೋಗಿ ಮನೆಮನೆ ಬಾಗಿಲು ತಟ್ಟಿದಳು. ನಾಲ್ಕು ಮನೆ ಹೆಂಗಸರು ಸೇರಿ, ಹಾರೆ ಒಂದು, ಒನಕೆ ಎರಡು, ನಮ್ಮ ಹಿತ್ತಲ ಗೋಡೆ ಒಡೆದರು. ಬೀದಿಯ ನೀರು ಹೊಲದ ಕಡೆ ಹೋಯಿತು. ಬೆಳಗಾದ ಮೇಲೆ ಅಪ್ಪ ಅಂದದ್ದು: ‘ಮಾರಿಯಮ್ಮ ಕಾಪಾಡಿದಳು.’ ಪೊಂಗಲ್ ಇಟ್ಟೆವು. ಪಾಠಶಾಲೆಯಲ್ಲಿ ಮಕ್ಕಳಿಗೆ ಈ ಕಥೆಯನ್ನು ನಾನೂ ಎಷ್ಟೋ ವರ್ಷ ಮಾರಿಯಮ್ಮನ ಕಥೆ ಅಂತಲೇ ಹೇಳಿದೆ. ಗಣಪನನ್ನು ಬೈಯುವ ಮುಖ ನನಗಿಲ್ಲ.

ಹಾಗಾದರೆ ಕಾಸರವಳ್ಳಿ ನಾಗಿಗೆ ಆ ನಾಲ್ಕು ಮನೆಗಳನ್ನು ಯಾಕೆ ಕೊಡಲಿಲ್ಲ? ಮೂರನೇ ಸಲ ನೋಡುವಾಗ ತಿಳಿಯಿತು. ಮೊದಲಿದ್ದವು, ನೀರು ಹೊಸಿಲು ಮುಟ್ಟುವ ಎಷ್ಟೋ ಮುಂಚೆಯೇ ಖಾಲಿಯಾದವು. ಅಣೆಕಟ್ಟು ಮೊದಲು ಮುಳುಗಿಸಿದ್ದು ನೆರೆಮನೆಯನ್ನು, ಆಮೇಲೆ ನೆಲವನ್ನು. ನಾಗಿ ತಟ್ಟಲಿಕ್ಕೆ ಬಾಗಿಲೇ ಇಲ್ಲ. ಜಗಳಕ್ಕೆ ಕೂತವನು ಇಲ್ಲಿ ಸೋತೆ.

ಆದರೂ ಒಂದು ತಕರಾರು ಬಿಡಲಾರೆ. ಮಳೆಯನ್ನು ಈ ಸಿನಿಮಾ ಎಷ್ಟು ಚೆನ್ನಾಗಿ ತೋರಿಸುತ್ತದೆ ಅಂದರೆ, ಕೊನೆಕೊನೆಗೆ ತಪ್ಪೆಲ್ಲಾ ಮಳೆಯದೇ ಅನಿಸಿಬಿಡುತ್ತೆ. ಅಣೆಕಟ್ಟು ಮರೆತೇ ಹೋಗುತ್ತೆ. ನಮ್ಮಲ್ಲೂ ಬೀದಿ ಮುಳುಗಿದರೆ ‘ಏನು ಮಳೆಯಪ್ಪಾ’ ಅಂತೀವಿ. ಪಳ್ಳವನ್ನು ಕಿರಿದು ಮಾಡಿದ ಗೋಡೆಯ ಮಾತೇ ಇಲ್ಲ. ನಮ್ಮದೇ ಹಿತ್ತಲ ಗೋಡೆಯೂ ಅಂಥದ್ದೇ ಇತ್ತಲ್ಲ!

ಶಾಲೆಯ ಗೆಳೆಯರೊಬ್ಬರು ‘ಇದು ಹೆಣ್ಣಿನ ಧೈರ್ಯದ ಸಿನಿಮಾ’ ಅಂದರು. ಧೈರ್ಯ ಇದೆ, ಸರಿ. ಅಷ್ಟಕ್ಕೇ ನಿಲ್ಲಿಸಿದರೆ ಅವಳನ್ನು ಒಂಟಿ ಮಾಡಿದವರು ತಪ್ಪಿಸಿಕೊಳ್ಳುತ್ತಾರೆ. 2009ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕ ಮುಳುಗಿದ ಮೇಲೆ ‘ಆಸರೆ’ ಮನೆಗಳನ್ನು ಕಟ್ಟಿಸಿದರು. ಎಷ್ಟೋ ಕಡೆ ಜನ ಅಲ್ಲಿಗೆ ಹೋಗದೆ ಹಳೆ ಊರಲ್ಲೇ ಉಳಿದರು. ಗೋಡೆ ಸೂರು ಎಣಿಸಿ ಕೊಡಬಹುದು. ಹೊಲ ಎಷ್ಟು ದೂರ, ಪಕ್ಕದ ಮನೆ ಯಾರದು, ಇದನ್ನು ಆ ಊರಿನವರನ್ನೇ ಕೇಳಬೇಕು. ನಾಗಿಯನ್ನು ಸಿನಿಮಾದಲ್ಲಿ ಯಾರೂ ಏನೂ ಕೇಳುವುದಿಲ್ಲ, ಗಂಡನೂ ಸೇರಿ. ನಾನು ಕಂಡಂತೆ ಸಿನಿಮಾದ ನಡುಮನೆ ಇದೇ.

ಕೊಯಮತ್ತೂರಿನಲ್ಲಿ ಕೆರೆ ಉಳಿಸಲು ಭಾನುವಾರ ಬೆಳಗ್ಗೆ ಗುದ್ದಲಿ ಹಿಡಿದು ಹೋಗುವ ಜನ ಇದ್ದಾರೆ. ಅವರನ್ನು ನೋಡಿದಾಗೆಲ್ಲ ಅಮ್ಮನ ಹಾರೆ ನೆನಪಾಗುತ್ತೆ.

ಹಿತ್ತಲ ಗೋಡೆಯನ್ನು ಮರುವರ್ಷ ಮತ್ತೆ ಎಬ್ಬಿಸಿದೆವು. ಬುಡದಲ್ಲಿ ಎರಡು ದೊಡ್ಡ ಕಿಂಡಿ ಬಿಡಿಸಿದ್ದು ಅಮ್ಮ. ಯಾರಾದರೂ ಕೇಳಿದರೆ ಅಪ್ಪ, ‘ಮೇಸ್ತ್ರಿ ಬುದ್ಧಿವಂತ’ ಅನ್ನುತ್ತಿದ್ದರು.