ಪರದೆ ಚಿಕ್ಕದೆಂದು ಡಿಸ್ಕೂ ಚಿಕ್ಕದಾಗಬೇಕೆ?

ಲ್ಯಾಪ್‌ಟಾಪಿನ ಪರದೆ 1366×768 ಇದ್ದರೆ ಬ್ಲೂ-ರೇ ಡ್ರೈವ್ ದಂಡ, ಡಿವಿಡಿ ಸಾಕು ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಬ್ಲೂ-ರೇಯ 1920×1080 ಚಿತ್ರವನ್ನು ಪೂರ್ತಿ ತೋರಿಸಲು ಆ ಪರದೆಗೆ ಆಗುವುದಿಲ್ಲ, ಹಾಗಾಗಿ ಹೆಚ್ಚಿನ ದುಡ್ಡು ಯಾಕೆ ಎಂಬುದು ಅದರ ಹಿಂದಿನ ತರ್ಕ. ಲೆಕ್ಕ ಹಾಕಿದರೆ ಈ ತರ್ಕ ನಿಲ್ಲುವುದಿಲ್ಲ.

ನಮ್ಮಲ್ಲಿ ಮಾರಾಟವಾದ ಪಾಲ್ ಡಿವಿಡಿಯ ಚಿತ್ರ 720×576, ಅಂದರೆ ಸುಮಾರು 4.15 ಲಕ್ಷ ಬಿಂದುಗಳು. ಆ 'ಕಡಿಮೆ' ಪರದೆಯಲ್ಲೇ 10.49 ಲಕ್ಷ ಬಿಂದುಗಳಿವೆ. ಡಿವಿಡಿ ಹಾಕಿದಾಗ ಅರ್ಧಕ್ಕಿಂತ ಹೆಚ್ಚು ಬಿಂದುಗಳನ್ನು ಕಂಪ್ಯೂಟರ್ ಊಹಿಸಿ ತುಂಬಬೇಕು. ಬ್ಲೂ-ರೇಯಲ್ಲಿ 20.7 ಲಕ್ಷ ಬಿಂದುಗಳಿರುವುದರಿಂದ ಊಹೆಯ ಪ್ರಶ್ನೆಯೇ ಇಲ್ಲ, ಇರುವುದನ್ನು ಇಳಿಸಿದರೆ ಸಾಕು. ಬಣ್ಣದ ವಿವರವಂತೂ ಡಿವಿಡಿಯಲ್ಲಿ 360×288 ಮಾತ್ರ, ಬ್ಲೂ-ರೇಯಲ್ಲಿ 960×540. ವಿಡಿಯೊಗೆ ಸಿಗುವ ವೇಗದ ಮಿತಿ ಡಿವಿಡಿಯಲ್ಲಿ ಸೆಕೆಂಡಿಗೆ 9.8 ಮೆಗಾಬಿಟ್, ಬ್ಲೂ-ರೇಯಲ್ಲಿ 40.

ಬ್ಲೂ-ರೇ ಬೇಡ ಎನ್ನಲು ಬೇರೆ ಕಾರಣಗಳಿವೆ, ಅವು ನಿಜವಾದವು. ಕನ್ನಡ ಸಿನಿಮಾಗಳು ಬ್ಲೂ-ರೇಯಲ್ಲಿ ಬಂದದ್ದು ತೀರ ಕಡಿಮೆ. ನಮ್ಮ ಊರುಗಳಿಗೆ ಹೆಚ್ಚಾಗಿ ಬಂದದ್ದು 352×288ರ ವಿಸಿಡಿ. ಮಾರಾಟದ ಬ್ಲೂ-ರೇ ಡಿಸ್ಕ್ ನೋಡಲು ವಿಂಡೋಸ್‌ಗೆ ಬೇರೆ ತಂತ್ರಾಂಶವನ್ನೂ ಕೊಳ್ಳಬೇಕು. ಇವೆಲ್ಲ ಡಿಸ್ಕಿನ ಮತ್ತು ಮಾರುಕಟ್ಟೆಯ ಕೊರತೆಗಳು. ಇವನ್ನು ಪರದೆಯ ತಲೆಗೆ ಕಟ್ಟುವುದು ತಪ್ಪು.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರಿಗೆ ಈ ತಪ್ಪು ದುಬಾರಿಯಾಗುತ್ತದೆ. ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಹೆಸರು ಮಾಡಿದ ಶ್ರೀಕೃಷ್ಣ ಪಾರಿಜಾತ ಈ ಸೀಮೆಯ ಜನಪದ ರಂಗದ ಆಟ. ಬೆಳತನಕ ನಡೆಯುವ ಆ ಆಟವನ್ನು ಚಿತ್ರೀಕರಿಸಿ ಡಿವಿಡಿಗೆ ಇಳಿಸಿದರೆ, ಸೆಕೆಂಡಿಗೆ 5 ಮೆಗಾಬಿಟ್‌ನಂತೆ ಒಂದು ಡಿಸ್ಕಿಗೆ ಎರಡು ಗಂಟೆ ಹಿಡಿಸುತ್ತದೆ. ಸತ್ಯಭಾಮೆಯ ಸಿಟ್ಟು ಕಾಣುವ ಕಣ್ಣು, ಹುಬ್ಬು ಮಸುಕಾಗುತ್ತವೆ. ಅದೇ ಆಟವನ್ನು ಎಚ್.264 ಎಂಬ ವಿಡಿಯೊ ಸಂಕುಚನ ವಿಧಾನದಲ್ಲಿ, ಸೆಕೆಂಡಿಗೆ 8 ಮೆಗಾಬಿಟ್‌ನಂತೆ 1080ರಲ್ಲಿ ಉಳಿಸಿದರೆ 25 ಜಿಬಿಯ ಒಂದೇ ಬ್ಲೂ-ರೇಗೆ ಸುಮಾರು ಏಳು ಗಂಟೆ, ಅಂದರೆ ಇಡೀ ರಾತ್ರಿ ಹಿಡಿಸುತ್ತದೆ. ಇವತ್ತು ಚಿಕ್ಕ ಲ್ಯಾಪ್‌ಟಾಪಿನಲ್ಲಿ ನೋಡಿದ ಡಿಸ್ಕನ್ನೇ ನಾಳೆ, ಆ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ತಂತಿಯಿಂದ ಶಾಲೆಯ ದೊಡ್ಡ ಟಿವಿಗೆ ಜೋಡಿಸಿ ನೋಡಬಹುದು. ಒಮ್ಮೆ ಕಳೆದ ವಿವರವನ್ನು ಯಾವ ಟಿವಿಯೂ ಮರಳಿ ಕೊಡುವುದಿಲ್ಲ.

ಕೊಳ್ಳುವಾಗ ಎಚ್ಚರವಿರಲಿ. 'ಕಾಂಬೊ' ಡ್ರೈವ್ ಬ್ಲೂ-ರೇಯನ್ನು ಓದುತ್ತದೆ, ಬರೆಯುವುದು ಸಿಡಿ, ಡಿವಿಡಿಗಳನ್ನು ಮಾತ್ರ. ಆದ್ದರಿಂದ ಬ್ಲೂ-ರೇ ರೈಟರ್ ಎಂದೇ ಕೇಳಬೇಕು. ಬರೆಯುವ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿದೆ. ಹಾಗಾಗಿ ಇನ್ನೊಂದು ಪ್ರತಿ ಹಾರ್ಡ್‌ಡಿಸ್ಕಿನಲ್ಲಿ ಇರಲೇಬೇಕು.

ಪಾರಿಜಾತದ ಮೇಳಗಳಿಗೆ, ಅವನ್ನು ಚಿತ್ರೀಕರಿಸುವ ಕಾಲೇಜುಗಳಿಗೆ ನನ್ನ ಕೋರಿಕೆ ಇಷ್ಟೆ: ಕೈಯಲ್ಲಿರುವ ಲ್ಯಾಪ್‌ಟಾಪಿನ ಅಳತೆಗೆ ಆಟವನ್ನು ಕುಗ್ಗಿಸಬೇಡಿ. 1080ರಲ್ಲೇ ಹಿಡಿಯಿರಿ, ಎರಡು ಕಡೆ ಇಡಿ.